ಚಾದರ ಒಣಗುವ ಊರು

ಮೂವತ್ನಾಲ್ಕು ವರ್ಷ ಚಿತ್ರದುರ್ಗದ ಖಜಾನೆಯಲ್ಲಿ
ಬೇರೆಯವರ ಪಿಂಚಣಿ ಬರೆದವಳು ನಾನು.
ಎಷ್ಟು ಜನರ ಕೊನೆಗಾಲ ನನ್ನ ಮೇಜಿನ ಮೇಲೆ
ಟ್ಯಾಗಿನ ದಾರ ಕಟ್ಟಿಸಿಕೊಂಡು ಕಾದು ಕೂತಿತ್ತೋ.
ಈಗ ನನ್ನ ಸರದಿ. ಎಲ್ಲಿ ಕಳೀತೀಯ ಅಂತ
ಯಾರೂ ಕೇಳಲಿಲ್ಲ; ನಾನೇ ಕೇಳಿಕೊಂಡೆ.

ಮೆಹರುನ್ನೀಸಾ ಒಂದು ಪುಸ್ತಕ ತಂದಳು,
ರದ್ದಿ ಅಂಗಡಿಯಲ್ಲಿ ತೂಕಕ್ಕೆ ಸಿಕ್ಕಿದ್ದು,
ನುಣುಪು ಹಾಳೆ, ಬಣ್ಣಬಣ್ಣದ ಚಿತ್ರ,
ನಿವೃತ್ತರಿಗೆಂದೇ ಹೇಳಿ ಮಾಡಿಸಿದ ಊರುಗಳು, ಸಮುದ್ರದಾಚೆ.
ಸಂತೆಹೊಂಡದ ಹತ್ತಿರ ಕಟ್ಟೆಯ ಮೇಲೆ ಕೂತು,
ಕನ್ನಡಕ ಒಂದೇ ಇದ್ದುದರಿಂದ
ಒಬ್ಬರು ಓದುವುದು, ಒಬ್ಬರು ಬೇಡ ಅನ್ನುವುದು.

ಈ ಊರಲ್ಲಿ ವರ್ಷಕ್ಕೆ ಮುನ್ನೂರು ದಿನ ಬಿಸಿಲಂತೆ.
‘ಬಿಸಿಲಿಗೂ ದುಡ್ಡು ಕೊಡೋರುಂಟಾ? ಮುಂದಕ್ಕೆ ಹೋಗು.’
ಈ ಊರಲ್ಲಿ ಹಳೇ ಕೋಟೆ, ಸಂಜೆ ಆರಕ್ಕೆ ಬಾಗಿಲು.
ಮೆಹರು ತಲೆಯೆತ್ತಿ ಮೇಲಿನ ಬುರುಜು ನೋಡಿದಳು,
ಏನೂ ಅನ್ನದೆ ಬೆರಳು ಒದ್ದೆ ಮಾಡಿಕೊಂಡಳು.
ಈ ಊರಲ್ಲಿ ಗುಡ್ಡದ ಸಾಲಿಗೆಲ್ಲ ಗಾಳಿಯಂತ್ರ.
ಅಷ್ಟರಲ್ಲಿ ಜೋಗಿಮಟ್ಟಿ ಕಡೆಯಿಂದ ಗಾಳಿ ಬಂದು
ಅಷ್ಟೂ ಊರುಗಳನ್ನು ಒಟ್ಟಿಗೆ ಮಗುಚಿತು.

ಮಗುಚಿ ನಿಂತದ್ದು ನೂರ ಹನ್ನೆರಡನೇ ಪುಟ.
ಕಿರುದಾರಿ, ಸುಣ್ಣದ ಗೋಡೆ, ಬುಡಕ್ಕೆ ನೀಲಿ ಪಟ್ಟೆ.
ಹೆಸರು ಹೇಳಲು ನಡುವೆ ಒಂದಕ್ಷರ ನುಂಗಬೇಕು.
ಜನ ಎರಡು ಸಾವಿರದ ನಾನೂರು,
ನಮ್ಮ ಹೊಳಲ್ಕೆರೆ ರಸ್ತೆಯ ಒಂದು ಮಗ್ಗುಲು.
ಡಾಕ್ಟರು ಮಂಗಳವಾರ, ಮತ್ತೆ ಶುಕ್ರವಾರ.
‘ಹಂಗಾದ್ರೆ ಎದೆನೋವು ಶನಿವಾರ ರಾತ್ರೀನೇ ಬರೋದು’
ಅಂದಳು ಮೆಹರು. ಜಿಲ್ಲಾಸ್ಪತ್ರೆಯಲ್ಲಿ
ರಾತ್ರಿಪಾಳಿ ಮಾಡಿದವಳು, ಅವಳಿಗೆ ಗೊತ್ತಿರುತ್ತದೆ.

ಮನೆಗೆ ಬಂದು ಸ್ಕೇಲಿಟ್ಟು ಗೆರೆ ಎಳೆದೆ:
ಬಾಡಿಗೆ, ವಿಮೆ, ವೀಸಾ, ಅಕ್ಕಿ.
ಆ ಊರಿನ ನಾಣ್ಯವಾಗುತ್ತಲೇ ನನ್ನ ಪಿಂಚಣಿ
ಬಿಸಿನೀರಿಗೆ ಹಾಕಿದ ಉಣ್ಣೆಯ ಹಾಗೆ ಕುಗ್ಗಿತು.
ಪ್ರತಿ ತಿಂಗಳೂ ಹತ್ತೊಂಬತ್ತರವರೆಗೆ ಬದುಕಬಹುದು.

ಇನ್ನೊಂದಿತ್ತು, ಗೆರೆಯೊಳಗೆ ಕೂರದ್ದು.
ನವೆಂಬರಿನ ಜೀವಂತ ಪ್ರಮಾಣಪತ್ರ.
ಹಿರಿಯೂರಿನಿಂದ ಬರುತ್ತಿದ್ದಳು ಬೋರಮ್ಮ,
ಪೇದೆ ಈರಬೊಮ್ಮಣ್ಣನ ಹೆಂಡತಿ.
‘ಇದೀನಿ ಕಣವ್ವಾ, ನೋಡ್ಕೋ’ ಅಂತ
ಸೆರಗು ಸರಿಸಿ ಕಿಟಕಿಗೆ ಮುಖ ಕೊಡುತ್ತಿದ್ದಳು.
ನಾನು ಹೆಬ್ಬೆಟ್ಟು ನೋಡಿದೆ. ಸೀಲು ಒತ್ತಿದೆ.
ಮುಖ ಹೇಗಿತ್ತು ಅಂದರೆ ಹೇಳಲಾರೆ.
ಒಂದು ನವೆಂಬರು ಅವಳು ಬರಲಿಲ್ಲ.
ಕೆಂಪು ಶಾಯಿಯಲ್ಲಿ ಬರೆದೆ: ಪಾವತಿ ತಡೆಹಿಡಿದಿದೆ.

ಆ ಊರಲ್ಲಿ ನಾನು ಯಾರ ಕಿಟಕಿಗೆ ಹೋಗಲಿ?
ಬ್ರೆಡ್ಡು ಮಾರುವವನ ಮುಂದೆ ಸೆರಗು ಸರಿಸಿ
ಇದೀನಿ ಕಣಪ್ಪಾ ಅನ್ನುವುದಕ್ಕೆ
ಎಷ್ಟು ಅಕ್ಷರ ನುಂಗಬೇಕೋ.

ಆದರೂ, ಮೆಹರುಗೆ ಹೇಳಿಲ್ಲ,
ಆ ಪುಟ ಹರಿದು ಬೀರುವಿನ ಬಾಗಿಲ ಒಳಗಡೆ ಅಂಟಿಸಿದ್ದೇನೆ.
ಮೂಲೆಯಲ್ಲಿ, ಮಹಡಿಯ ಮೇಲೆ, ಒಬ್ಬ ಹೆಂಗಸು
ಚಾದರ ಹರವುತ್ತಿದ್ದಾಳೆ, ಒಂದು ತುದಿ ಬಾಯಲ್ಲಿ ಕಚ್ಚಿ.
ನನ್ನ ವಯಸ್ಸೇ. ಮೊಣಕೈ ಥೇಟು ನನ್ನದೇ.
ಮೇಡಂ ಅನ್ನುವುದಿಲ್ಲ ಆಕೆ,
ನನ್ನ ಅರಿಯರ್ಸ್ ಎಲ್ಲಿಗೆ ಬಂತು ಅಂತ
ಹಾಲಿನ ಬೂತಿನಲ್ಲಿ ಹಿಡಿದು ನಿಲ್ಲಿಸುವುದಿಲ್ಲ.
ಊರು ಆರಿಸಿಕೊಂಡದ್ದು ಇಷ್ಟಕ್ಕೇ ಇರಬೇಕು.

ಸಂಜೆ ಆರಕ್ಕೆ ತಾರಸಿಯ ಬಟ್ಟೆ ತೆಗೆಯುವಾಗ
ಕಲ್ಲುಗುಡ್ಡ ಹಗಲಿನ ಕಾವು ಬಿಡುತ್ತಿರುತ್ತದೆ.
ಅಲ್ಲೀಗ ಮಧ್ಯಾಹ್ನ ಒಂದೂವರೆ.
ಚಾದರದ ಅಂಚು ಇನ್ನೂ ಹಸಿ.
ಅವಳು ಒಳಗೆ ಹೋಗಿ ಏನೋ ಒಲೆಗಿಟ್ಟು
ಮರೆತಿದ್ದಾಳೆ.